ಬಂತಾ ಕೂಸೇ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹುಟ್ಟಿದಾಗಿನಿಂದ ಹೀಗೇ. ಬಸ್ಸು ಐದು ನಿಮಿಷ ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದಿರುತ್ತೇನೆ. ಅನ್ನ ಬೇಯುವಷ್ಟರಲ್ಲಿ ಮೂರು ಸಲ ಮುಚ್ಚಳ ತೆಗೆದು ಇಣುಕಿರುತ್ತೇನೆ. ಕಾಲು ಸುಟ್ಟ ಬೆಕ್ಕು ಎಂದೇ ಅವ್ವ ನನ್ನನ್ನು ಬೈಯುತ್ತಿದ್ದದ್ದು. ಇಂಥ ನಾನು, ಎದ್ದು ಓಡಲೇಬೇಕಾಗಿದ್ದ ಒಂದೇ ಒಂದು ದಿನ, ಕುರ್ಚಿಗೆ ಅಂಟಿಕೊಂಡು ಕೂತುಬಿಟ್ಟೆ. ಅದನ್ನು ಹೇಳಿ ಮುಗಿಸಬೇಕು, ಇಲ್ಲವಾದರೆ ಇವತ್ತೂ ಸುಮ್ಮನೆ ಮನೆಯೊಳಗೆ ಸುತ್ತುತ್ತಿರುತ್ತೇನೆ.

ಅಪ್ಪ ಟಿ. ನರಸೀಪುರದಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ತೊಂಬತ್ತರ ದಶಕದಲ್ಲಿ ಡಿಶ್ಶುಗಳು ಬಂದಾಗ ಅದನ್ನೂ ಕಲಿತ. ಸುತ್ತಮುತ್ತಲ ಯಾವ ಊರಿನಲ್ಲಿ ಡಿಶ್ಶು ನಿಲ್ಲಿಸಬೇಕಾದರೂ ಅಪ್ಪನಿಗೇ ಕರೆ ಬರುತ್ತಿತ್ತು. ಶಾಲೆಗೆ ರಜೆಯಿದ್ದರೆ ನನ್ನನ್ನೂ ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದ. ಅವನ ಕೆಲಸ ಮಹಡಿಯ ಮೇಲೆ, ನನ್ನ ಕೆಲಸ ಕೆಳಗೆ ಟಿವಿಯ ಮುಂದೆ. ಅವನು ಮೇಲಿನಿಂದ ‘ಬಂತಾ ಕೂಸೇ?’ ಎಂದು ಕೂಗಬೇಕು, ನಾನು ಪರದೆ ನೋಡಿ ‘ಬಂತು’ ಎಂದೋ ‘ಹೋಯ್ತು’ ಎಂದೋ ವಾಪಸು ಕೂಗಬೇಕು. ತಲಕಾಡಿನಲ್ಲಿ ಒಬ್ಬರ ಮನೆಯ ಹಿತ್ತಲಲ್ಲಿ ನೆಟ್ಟ ಕಂಬ ಮರಳಿಗೆ ಇಳಿದು ಇಳಿದು, ಬೆಳಗಿನಿಂದ ಸಂಜೆಯವರೆಗೆ ಕೂಗಿ ನನ್ನ ಗಂಟಲು ಕಟ್ಟಿಹೋಗಿತ್ತು. ಕೊನೆಗೆ ಅಪ್ಪ ಆ ಮನೆಯವರ ಹಳೇ ಒರಳುಕಲ್ಲನ್ನು ಕಂಬದ ಬುಡಕ್ಕೆ ಹೂತು ಗೆದ್ದ.

ಸಿಗ್ನಲ್ಲು ಅಳೆಯುವ ಮೀಟರು ಗೀಟರು ಅವನು ಮುಟ್ಟಿದವನಲ್ಲ. ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು ಕಂಬ ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಆಮೇಲೆ ಡಿಶ್ಶಿನ ಅಂಚಿಗೆ ಅಂಗೈ ಇಟ್ಟು, ಮಲಗಿದ ಮಗುವಿನ ತಲೆಯನ್ನು ದಿಂಬಿಗೆ ಸರಿಸುವ ಹಾಗೆ ಇಷ್ಟೇ ಇಷ್ಟು ಸರಿಸುತ್ತಿದ್ದ. ನನಗೋ ಆಟಕ್ಕೆ ಓಡುವ ಅವಸರ. ಚಿತ್ರದಲ್ಲಿ ಇನ್ನೂ ಕಾಳುಕಾಳು ಇರುವಾಗಲೇ ‘ಬಂತು’ ಎಂದುಬಿಡುತ್ತಿದ್ದೆ. ಅವನು ನನ್ನ ದನಿಯಲ್ಲೇ ಹಿಡಿಯುತ್ತಿದ್ದ. ನಗುತ್ತಾ, ಇನ್ನೂ ಬಂದಿಲ್ಲ, ಸರಿಯಾಗಿ ನೋಡು ಎನ್ನುತ್ತಿದ್ದ. ಒಂದು ಸಲವೂ ನನ್ನ ಸುಳ್ಳು ‘ಬಂತು’ ಅವನ ಹತ್ತಿರ ನಡೆದದ್ದಿಲ್ಲ.

ಅಪ್ಪನ ಇನ್ನೊಂದು ಪದ್ಧತಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ತಣ್ಣಗಿರುವ ಸೆಟ್ಟನ್ನು ಅವನು ಯಾರ ಮುಂದೂ ಇಡುತ್ತಿರಲಿಲ್ಲ. ಗಿರಾಕಿ ಹತ್ತು ಗಂಟೆಗೆ ಬರುವನೆಂದರೆ ಒಂಬತ್ತಕ್ಕೇ ಟಿವಿ ಹಚ್ಚಿ, ದನಿ ಪೂರ್ತಿ ತಗ್ಗಿಸಿ, ಅಂಗಡಿಯ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದ. ಬಿಸಿಯಾಗಲಿ, ಬಿಸಿಯಾದ ಮೇಲೇ ಅದರ ನಿಜ ಗುಣ ಗೊತ್ತಾಗುವುದು ಎನ್ನುತ್ತಿದ್ದ. ಹಳೇ ಸೆಟ್ಟುಗಳಿಗೆ ಅದು ಸರಿಯೇ ಆಗಿತ್ತು.

ಎರಡು ಸಾವಿರ ದಾಟಿದ ಮೇಲೆ ರಿಪೇರಿಗೆ ಜನ ಬರುವುದು ಕಮ್ಮಿಯಾಯಿತು. ಅಪ್ಪ ಅಂಗಡಿಯ ಬಾಗಿಲೆಳೆದು ನಂಜನಗೂಡಿನ ಒಬ್ಬ ಕೇಬಲ್ ಯಜಮಾನರ ಹತ್ತಿರ ಕೆಲಸಕ್ಕೆ ಸೇರಿದ. ಬಜಾರಿನ ಒಂದು ಕಟ್ಟಡದ ಮೂರನೇ ಅಂತಸ್ತಿನಲ್ಲಿ ಅವರ ಕಂಟ್ರೋಲ್ ರೂಮು, ಅದರ ನೆತ್ತಿಯ ಮೇಲೆ ಐದಾರು ಡಿಶ್ಶು. ಅವಕ್ಕೆಲ್ಲ ಅಪ್ಪನೇ ದಿಕ್ಕು. ದಿನಾ ಬೆಳಿಗ್ಗೆ ನರಸೀಪುರದಿಂದ ಮೊದಲ ಬಸ್ಸು ಹತ್ತಿ ಹೋಗುತ್ತಿದ್ದ. ನಾನು ಮೈಸೂರಿನಲ್ಲಿ ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಹಲ್ಲು ಕಡಿಯುತ್ತಾ ಕೂತಿದ್ದೆ.

ಆ ಹೊತ್ತಿಗೆ ಯಜಮಾನರು ಒಂದು ಡಿಜಿಟಲ್ ಟಿವಿ ಕಾರ್ಡು ತಂದರು. ಕಂಪ್ಯೂಟರಿನ ಒಳಗೆ ಕೂರಿಸಿ ಡಿಶ್ಶಿನ ವೈರು ಸಿಕ್ಕಿಸಿದರೆ ಚಾನೆಲ್ಲು ನೇರವಾಗಿ ಕಂಪ್ಯೂಟರಿಗೇ ಬರುತ್ತದೆ, ಅಲ್ಲಿಂದ ಊರಿನ ಕೇಬಲ್ಲಿಗೆ. ತೊಂದರೆ ಏನೆಂದರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಹೋಗಿ ಮೌಸು ಒತ್ತಿ ಚಾನೆಲ್ಲು ಹಚ್ಚಬೇಕು. ನಂಜನಗೂಡಿನಲ್ಲಿ ಆಗ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತು ಎಂದು ಎಣಿಸಿದವರಿಲ್ಲ. ಕರೆಂಟು ಬಂದೊಡನೆ ತಾನೇ ಎದ್ದು ಚಾನೆಲ್ಲು ಹಿಡಿಯುವ ಹಾಗೆ ಮಾಡಿಕೊಡುವವರು ಬೇಕು, ಮೈಸೂರಿನಲ್ಲಿ ಒಬ್ಬನಿದ್ದಾನೆ, ಕಂಪ್ಯೂಟರು ಡಿಶ್ಶು ಎರಡನ್ನೂ ಅವನಿಗೇ ವಹಿಸುತ್ತೇನೆ ಎಂದು ಯಜಮಾನರು ಹೇಳಿದರಂತೆ. ಎರಡನ್ನೂ ಎಂದರೆ ಅಪ್ಪನಿಗೆ ಅಲ್ಲಿ ಕೆಲಸವಿಲ್ಲ ಎಂದು ಅರ್ಥ. ಅಪ್ಪ, ನನ್ನ ಮಗಳು ಮಾಡುತ್ತಾಳೆ ಸಾ, ಸೋಮವಾರದೊಳಗೆ ಮಾಡಿಕೊಡುತ್ತಾಳೆ ಎಂದು ಮಾತು ಕೊಟ್ಟು ಬಂದ. ನನ್ನನ್ನು ಒಂದು ಮಾತೂ ಕೇಳದೆ.

ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕಾರ್ಡನ್ನು ನಾಲ್ಕು ದಿನದ ಮಟ್ಟಿಗೆ ಮನೆಗೇ ತಂದುಕೊಟ್ಟ. ನನ್ನ ಹಳೇ ಕಂಪ್ಯೂಟರಿಗೆ ಹಾಕಿ, ನಮ್ಮ ತಾರಸಿಯ ಡಿಶ್ಶಿಗೆ ಜೋಡಿಸಿ, ಲಿನಕ್ಸಿನಲ್ಲಿ ಪ್ರೋಗ್ರಾಮು ಬರೆಯಲು ಕೂತೆ.

ಪ್ರೋಗ್ರಾಮು ತಾನಾಗಿ ಯಂತ್ರದ ಭಾಗವನ್ನು ಮುಟ್ಟುವ ಹಾಗಿಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಕರೆದು, ಇಂಥ ಕಾರ್ಡನ್ನು ತೆರೆದುಕೊಡು ಎಂದು ಕೇಳಬೇಕು. ಆ ಕರೆಗೆ ‘ಓಪನ್’ ಎಂದೇ ಹೆಸರು. ತಾಲೂಕು ಕಚೇರಿಯಲ್ಲಿ ಪಹಣಿ ಪುಸ್ತಕವನ್ನು ನಾವೇ ಕಪಾಟಿನಿಂದ ಎಳೆದುಕೊಳ್ಳಲು ಆಗುತ್ತದೆಯೇ? ಗುಮಾಸ್ತರನ್ನು ಕೇಳಬೇಕು, ನೋಡುವುದಕ್ಕೋ ತಿದ್ದುವುದಕ್ಕೋ ಎಂದು ಹೇಳಬೇಕು. ಹಾಗೇ ಇದೂ. ಕಾರ್ಡಿಗೆ ಒಂದು ವಿಳಾಸ ಇರುತ್ತದೆ, ಆ ವಿಳಾಸ ಬರೆದು, ಓದಲು ಮಾತ್ರವೋ, ಓದಿ ಬದಲಿಸಲೂ ಬೇಕೋ ಎಂದು ತಿಳಿಸಬೇಕು. ಒಪ್ಪಿದರೆ ಸಿಸ್ಟಮ್ಮು ಒಂದು ಪುಟ್ಟ ಸಂಖ್ಯೆ ಕೊಡುತ್ತದೆ. ಅಲ್ಲಿಂದಾಚೆಗೆ ಆ ಸಂಖ್ಯೆಯೇ ನಮ್ಮ ಟೋಕನ್ನು. ಒಪ್ಪದಿದ್ದರೆ ಮೈನಸ್ ಒಂದು ಕೊಟ್ಟು, ಕಾರಣವನ್ನೂ ಹೇಳುತ್ತದೆ. ಚಾನೆಲ್ಲು ಹಿಡಿಯಬೇಕಾದರೆ ಬದಲಿಸುವ ಅನುಮತಿಯೇ ಬೇಕು. ಮನೆಯಲ್ಲಿ ಮೂರನೇ ದಿನಕ್ಕೇ ಅದು ನನಗೆ ಮೂರು ಎಂಬ ಸಂಖ್ಯೆ ಕೊಟ್ಟಿತು. ಚಾನೆಲ್ಲು ಬಂತು. ನಾನು ಅಡುಗೆಮನೆಗೆ ಓಡಿ ಅವ್ವನನ್ನು ಹಿಡಿದು ಕುಣಿಸಿಬಿಟ್ಟೆ.

ಗುರುವಾರ ಎಲ್ಲವನ್ನೂ ನಂಜನಗೂಡಿಗೆ ಒಯ್ದು ಅಲ್ಲಿನ ಕಂಪ್ಯೂಟರಿಗೆ ಹಾಕಿದೆವು. ನನ್ನ ಪ್ರೋಗ್ರಾಮು ಓಡಿಸಿದೆ. ಮೈನಸ್ ಒಂದು. ಕಾರಣ: ಸಾಧನ ಕಾರ್ಯನಿರತವಾಗಿದೆ, ಎಂದರೆ ಅದನ್ನು ಬೇರೆ ಯಾರೋ ಆಗಲೇ ತೆರೆದು ಇಟ್ಟುಕೊಂಡಿದ್ದಾರೆ.

ಯಾರಿದ್ದಾರೆ ಅಲ್ಲಿ? ಆ ರೂಮಿನಲ್ಲಿ ನಾನೊಬ್ಬಳು, ಅಪ್ಪ ಒಬ್ಬ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಅದೇ ಉತ್ತರ. ಕಾರ್ಡು ಕಿತ್ತು ಮತ್ತೆ ಕೂರಿಸಿದೆ. ಅದೇ ಉತ್ತರ. ಶುಕ್ರವಾರ ಹೋಯಿತು, ಶನಿವಾರ ಬಂತು. ಅಪ್ಪ ಎಂದಿನಂತೆ ಮೊದಲ ಬಸ್ಸಿಗೆ ಹೋಗಿ ರೂಮಿನ ಬಾಗಿಲು ತೆಗೆದಿರುತ್ತಿದ್ದ. ನಾನು ಎಂಟೂವರೆ ಬಸ್ಸಿಗೆ ಹೊರಟು, ಸುತ್ತೂರಿನಲ್ಲಿ ಶಾಲೆಯ ಮಕ್ಕಳು ಇಳಿಯುವವರೆಗೂ ಕಂಬಿಗೆ ಜೋತುಬಿದ್ದು, ತಲೆಯೊಳಗೇ ಪ್ರೋಗ್ರಾಮಿನ ಸಾಲು ಸಾಲನ್ನೂ ತಿರುವಿ ಹಾಕುತ್ತಾ ಬರುತ್ತಿದ್ದೆ. ನಂಜನಗೂಡಿನಲ್ಲಿ ಇಳಿದವಳೇ ಮೂರು ಅಂತಸ್ತು ಒಂದೇ ಉಸಿರಿಗೆ ಹತ್ತುತ್ತಿದ್ದೆ. ಮತ್ತೆ ಮೈನಸ್ ಒಂದು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯಲ್ಲಿ ರಕ್ತ ಬಂದಿತ್ತು. ಅಪ್ಪ ಒಂದು ಲೋಟ ಟೀ ತಂದು ಪಕ್ಕದಲ್ಲಿಟ್ಟು, ಏನೂ ಕೇಳದೆ, ಹೊಸ್ತಿಲ ಮೇಲೆ ಕೂತಿರುತ್ತಿದ್ದ. ಅವನು ಹಾಗೆ ಸುಮ್ಮನೆ ಕೂರುವುದೇ ನನಗೆ ಮೈಯೆಲ್ಲ ಉರಿ ಎಬ್ಬಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಯಜಮಾನರು ಬಂದರು. ಏನಾಯಿತು, ಸೋಮವಾರಕ್ಕೆ ಆಗುತ್ತದೋ ಇಲ್ಲವೋ ಎಂದು ಕೇಳಿದರು. ಅವರು ಗದರಲಿಲ್ಲ, ಬರಿದೇ ಕೇಳಿದರು. ನನ್ನ ತಲೆ ಅಷ್ಟರಲ್ಲಿ ಕೆಟ್ಟು ಕೆರ ಹಿಡಿದಿತ್ತು. ಮನೆಯಲ್ಲಿ ಬಂದದ್ದು ಇಲ್ಲಿ ಬರುತ್ತಿಲ್ಲ ಎಂದರೆ ಮನೆಗೂ ಇಲ್ಲಿಗೂ ಏನು ವ್ಯತ್ಯಾಸ? ಡಿಶ್ಶು. ನಾಲಿಗೆ ಹರಿಬಿಟ್ಟೆ.

‘ನನ್ನ ಪ್ರೋಗ್ರಾಮು ಸರಿಯಾಗೇ ಇದೆ ಸಾರ್. ಡಿಶ್ಶು ಓರೆಯಾಗಿದೆ. ಅಪ್ಪ ಸರಿಯಾಗಿ ಕೂರಿಸಿಲ್ಲ.’

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಓಪನ್ ಕರೆಗೂ ಡಿಶ್ಶಿಗೂ ಯಾವ ಸಂಬಂಧವೂ ಇಲ್ಲ. ಡಿಶ್ಶನ್ನು ಕಪಿಲಾ ನದಿಗೆ ಎಸೆದು ಬಂದರೂ ಕಾರ್ಡು ತೆರೆಯಬೇಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಏಕೆಂದರೆ ತಪ್ಪು ನನ್ನದಲ್ಲ ಎಂದು ಯಾರಾದರೂ ಆ ಗಳಿಗೆಯಲ್ಲಿ ಹೇಳಬೇಕಾಗಿತ್ತು, ಹೇಳುವವರು ಬೇರೆ ಯಾರೂ ಇರಲಿಲ್ಲ.

ಅಪ್ಪ ನನ್ನ ಮುಖ ನೋಡಿದ. ಕೋಪದಿಂದ ಅಲ್ಲ. ಏನೋ ನೆನಪು ಮಾಡಿಕೊಳ್ಳುವವನ ಹಾಗೆ ನೋಡಿದ. ಆಮೇಲೆ ಸ್ಪ್ಯಾನರು ತೆಗೆದುಕೊಂಡು ಮೇಲೆ ಹೋದ. ಸಂಜೆಯವರೆಗೆ ನಾಲ್ಕು ಸಲ ಹತ್ತಿ ಇಳಿದ. ನಟ್ಟು ಕಟ್ಟಿದ ದಾರ ಅವನ ಅಂಗಿಯ ಜೇಬಿನಿಂದ ಇಳಿಬಿದ್ದಿತ್ತು. ನಾಲ್ಕು ಸಲವೂ ಇಳಿದು ಬಂದು, ನೆಟ್ಟಗೇ ಇದೆಯಲ್ಲ ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡ. ಯಜಮಾನರು ಮೈಸೂರಿನವನಿಗೆ ಫೋನು ಮಾಡಿ, ಸೋಮವಾರ ಬೆಳಿಗ್ಗೆ ಮೀಟರು ಸಮೇತ ಬಾ ಎಂದರು.

ಭಾನುವಾರ ನಾನು ಮನೆಯಲ್ಲಿ ಅನ್ನ ಸರಿಯಾಗಿ ತಿನ್ನಲಿಲ್ಲ. ಕಾರ್ಡಿನ ವಿವರಣೆಯ ಹಾಳೆಗಳನ್ನು ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟು ತೆಗೆಸಿದ್ದೆ. ಓದಿದ್ದನ್ನೇ ಓದುತ್ತಾ ಪಡಸಾಲೆಯಲ್ಲಿ ಅತ್ತಿತ್ತ ನಡೆಯುತ್ತಿದ್ದಾಗ, ಅದುವರೆಗೆ ಹಾರಿಸಿಕೊಂಡು ಹೋಗಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಬದಲಿಸುವ ಅನುಮತಿ ಒಂದು ಹೊತ್ತಿಗೆ ಒಬ್ಬರಿಗೇ. ಆದರೆ ಓದಲು ಮಾತ್ರ ಎಂದು ಕೇಳಿದರೆ, ಬೇರೆಯವರು ಹಿಡಿದುಕೊಂಡಿರುವಾಗಲೂ ತೆರೆಯಬಹುದು. ಚಾನೆಲ್ಲು ತಿರುಗಿಸಲು ಆಗುವುದಿಲ್ಲ, ಆದರೆ ಏನು ನಡೆಯುತ್ತಿದೆ ಎಂದು ನೋಡಬಹುದು. ಇಷ್ಟು ಸಣ್ಣ ವಿಷಯ ಮೂರು ದಿನ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡೆ.

ಸೋಮವಾರ ನಾನು ಹೋಗುವಷ್ಟರಲ್ಲಿ ಮೈಸೂರಿನವನು ಬಂದಾಗಿತ್ತು. ಅವನೂ ಅಪ್ಪನೂ ಮಹಡಿಯ ಮೇಲಿದ್ದರು. ಯಜಮಾನರು ಕೆಳಗೆ ಬೀದಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ನಾನು ಕೂತು, ಪ್ರೋಗ್ರಾಮಿನಲ್ಲಿ ಒಂದೇ ಒಂದು ಪದ ಬದಲಿಸಿ, ಓದಲು ಮಾತ್ರ ಎಂದು ಕೇಳಿದೆ. ಓಡಿಸಿದೆ. ಮೂರು. ತೆರೆಯಿತು. ಸಿಗ್ನಲ್ಲಿನ ಬಲ ಎಷ್ಟಿದೆ ಎಂದು ಕೇಳಿದೆ. ನೂರಕ್ಕೆ ಎಂಬತ್ತೊಂದು. ಚಾನೆಲ್ಲು ಸಿಕ್ಕಿದೆಯೇ ಎಂದು ಕೇಳಿದೆ. ಸಿಕ್ಕಿದೆ.

ಸಿಕ್ಕಿದೆ ಎಂದರೆ ಯಾರಿಗೆ? ಆ ಸಿಸ್ಟಮ್ಮಿನಲ್ಲಿ ಒಂದೇ ಮಾನಿಟರಿನೊಳಗೆ ಒಂದರ ಹಿಂದೆ ಒಂದು ನಾಲ್ಕು ಪರದೆ ಇದ್ದವು. ನಾನು ಕೆಲಸ ಮಾಡುತ್ತಿದ್ದದ್ದು ಮೊದಲನೆಯದರಲ್ಲಿ, ಉಳಿದವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದೊಂದಾಗಿ ತೆರೆಯುತ್ತಾ ಹೋದೆ. ನಾಲ್ಕನೆಯದರಲ್ಲಿ, ದನಿಯಿಲ್ಲದೆ, ತಣ್ಣಗೆ ಚಾನೆಲ್ಲು ಓಡುತ್ತಿತ್ತು. ಯಾರೋ ರೈತರು ಟೊಮೇಟೊ ಗಿಡಕ್ಕೆ ಔಷಧಿ ಹೊಡೆಯುತ್ತಿದ್ದರು. ಚಿತ್ರದಲ್ಲಿ ಒಂದು ಕಲೆಯೂ ಇರಲಿಲ್ಲ.

ಗುರುವಾರ ನಾನು ವೈರು ತರಲು ಕೆಳಗಿಳಿದಿದ್ದಾಗ, ಕಾರ್ಡು ಮಾರಿದವರು ಹಾಕಿಕೊಟ್ಟಿದ್ದ, ಕೇಬಲ್ಲಿಗೆ ಕಳಿಸದೆ ಕಂಪ್ಯೂಟರಿನಲ್ಲೇ ಟಿವಿ ನೋಡುವ ಪ್ರೋಗ್ರಾಮನ್ನು ಅಪ್ಪ ಹಚ್ಚಿದ್ದ. ದನಿ ತಗ್ಗಿಸಿ, ನನಗೆ ಅಡ್ಡ ಬರದಿರಲೆಂದು ಕೊನೆಯ ಪರದೆಗೆ ತಳ್ಳಿದ್ದ. ಆರಿಸುವಾಗ ಏನು ತೆರೆದಿರುತ್ತದೋ ಅದನ್ನು ಮತ್ತೆ ಹಚ್ಚಿದಾಗ ಇದ್ದಲ್ಲೇ ತೆರೆದಿಡುವ ಗುಣ ಆ ಸಿಸ್ಟಮ್ಮಿಗಿತ್ತು. ನಾನು ಹತ್ತು ಸಲ ಆರಿಸಿ ಹಚ್ಚಿದರೆ ಅದೂ ಹತ್ತು ಸಲ ನಾಲ್ಕನೇ ಪರದೆಯಲ್ಲಿ ಎದ್ದು ಕಾರ್ಡನ್ನು ಹಿಡಿದುಕೊಂಡಿತ್ತು. ಆ ಸೋಮವಾರ ಸಂಜೆ ಬಸ್ಸಿನಲ್ಲಿ, ಏನೋ ಮಾತಿಗೆ ಅನ್ನುವ ಹಾಗೆ, ಅದನ್ನೇಕೆ ಹಚ್ಚಿದ್ದೆ ಎಂದು ಅಪ್ಪನನ್ನು ಕೇಳಿದೆ.

‘ನೀ ಕೂತ್ಕಳೋದ್ರೊಳಗೆ ವಸಿ ಬಿಸಿಯಾಗ್ಲಿ ಅಂತ ಕಣವ್ವಾ’ ಎಂದ.

ಆದರೆ ಅದು ಸಂಜೆಯ ಮಾತು. ಬೆಳಿಗ್ಗೆ ಏನಾಯಿತೆಂದು ಹೇಳಬೇಕು. ಟೊಮೇಟೊ ಗಿಡ ನೋಡುತ್ತಾ ಕೂತಿದ್ದವಳಿಗೆ ಮಹಡಿಯ ಮೇಲೆ ಬೋಲ್ಟು ಸಡಿಲಿಸುವ ಸದ್ದು ಕೇಳಿಸಿತು. ಎಂಬತ್ತೊಂದು ಎಪ್ಪತ್ತಾಯಿತು. ನಾನು ನೋಡುತ್ತಿದ್ದ ಹಾಗೇ ಐವತ್ತೆರಡಾಯಿತು. ಪರದೆಯ ಮೇಲಿನ ರೈತ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟ. ಮೆಟ್ಟಿಲು ಎಷ್ಟಿದ್ದವು, ಹದಿನೈದೋ ಹದಿನಾರೋ. ಒಂದೇ ಉಸಿರಿಗೆ ಓಡಿ, ಬಿಡ್ರಪ್ಪಾ, ಮುಟ್ಟಬೇಡಿ, ಡಿಶ್ಶು ಸರಿಯಾಗೇ ಇದೆ, ತಪ್ಪು ನನ್ನದು ಎನ್ನಬೇಕಾಗಿತ್ತು. ಕಾಲು ಏಳಲಿಲ್ಲ. ಓಡಿ ಹೋದರೆ ಶನಿವಾರದ ಮಾತು ಸುಳ್ಳೆಂದು ಯಜಮಾನರಿಗೆ ಗೊತ್ತಾಗುತ್ತದೆ. ಕಂಪ್ಯೂಟರಿನವಳು ಎಂದು ಮೊದಲ ಸಲ ನನ್ನನ್ನು ಯಾರೋ ಗುರುತಿಸಿದ್ದರು. ಅದು ಹೋಗುತ್ತದೆ ಎಂಬ ಭಯ. ನಾಚಿಕೆಗಿಂತ ಭಯವೇ ಹೆಚ್ಚು. ಸಂಖ್ಯೆ ಬೀಳುವುದನ್ನು ನೋಡುತ್ತಾ ಕೂತೆ. ಸೊನ್ನೆಯವರೆಗೂ ಇಳಿದು, ಮತ್ತೆ ನಿಧಾನವಾಗಿ ಏರತೊಡಗಿತು. ನಲವತ್ತು, ಅರವತ್ತು, ಎಪ್ಪತ್ತನಾಲ್ಕು. ಅಲ್ಲಿಗೆ ನಿಂತಿತು. ಮೀಟರಿನ ಹಸಿರು ದೀಪ ಹತ್ತಿದ್ದೇ ಸಾಕೆಂದು ಮೈಸೂರಿನವನು ಬೋಲ್ಟು ಬಿಗಿದಿರಬೇಕು.

ಆಗ ಮಹಡಿಯ ಅಂಚಿನಿಂದ ಅಪ್ಪನ ದನಿ ಬಂತು.

‘ಬಂತಾ ಕೂಸೇ?’

ನಾನು ನಾಲ್ಕನೇ ಪರದೆಗೆ ಹೋಗಿ ಅಪ್ಪ ಹಚ್ಚಿಟ್ಟಿದ್ದ ಪ್ರೋಗ್ರಾಮನ್ನು ಮುಚ್ಚಿದೆ. ನನ್ನದನ್ನು ಓಡಿಸಿದೆ. ಬದಲಿಸುವ ಅನುಮತಿ ಸಿಕ್ಕಿತು, ಚಾನೆಲ್ಲು ಬಂತು.

‘ಬಂತು’ ಎಂದು ಕೂಗಿದೆ.

ಚಿಕ್ಕವಳಿದ್ದಾಗ ದನಿಯಲ್ಲೇ ಸುಳ್ಳು ಹಿಡಿಯುತ್ತಿದ್ದವನು ಈ ಸಲ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ಒರೆಸಿಕೊಳ್ಳುತ್ತಾ ಇಳಿದು ಬಂದ. ಯಜಮಾನರೂ ಬಂದರು. ಕಂಪ್ಯೂಟರನ್ನು ಆರಿಸಿ ಹಚ್ಚಿ ತೋರಿಸಿದೆ. ಯಾರೂ ಮುಟ್ಟದೆ ಚಾನೆಲ್ಲು ತಾನೇ ಎದ್ದಿತು. ಮೈಸೂರಿನವನು, ಬಹಳ ಓರೆ ಇರಲಿಲ್ಲ, ಒಂಚೂರು ಇತ್ತು ಎಂದ. ಯಜಮಾನರು ಅಪ್ಪನ ಕಡೆ ತಿರುಗಿದರು. ಇಷ್ಟು ವರ್ಷದಿಂದ ಮಾಡುತ್ತಿದ್ದವನಿಗೆ ಇದು ಗೊತ್ತಾಗಲಿಲ್ಲವೇ ಎಂದು ಕೇಳಿದರು. ಬೈಯಲಿಲ್ಲ.

‘ಗೊತ್ತಾಗ್ನಿಲ್ಲ ಸಾ’ ಎಂದ ಅಪ್ಪ. ‘ಮೊದ್ಲಿನ್ ಅಂದಾಜು ಸಿಗ್ತಿಲ್ಲ, ಕೈ ಓಗ್ಬುಟ್ಟದೆ ಅನ್ಸ್ತದೆ.’

ನನ್ನ ತಪ್ಪು ಮುಚ್ಚಲು ಹಾಗೆ ಹೇಳಿದ ಎಂದೇ ನಾನು ತಿಳಿದೆ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ, ಎಷ್ಟು ಸಲೀಸಾಗಿ ಅಂದುಕೊಂಡೆ ನೋಡಿ. ಅವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಡಿಶ್ಶುಗಳನ್ನು ಯಜಮಾನರು ಮೈಸೂರಿನವನಿಗೆ ವಹಿಸಿದರು. ಕಂಪ್ಯೂಟರು ನೋಡಿಕೊಳ್ಳಲು ನನ್ನನ್ನು ಇಟ್ಟುಕೊಂಡರು. ಅಪ್ಪನನ್ನೂ ವೈರು ಎಳೆಯುವ ಕೆಲಸಕ್ಕೆ ಇರು ಎಂದರು. ಅವನು ಒಂದು ತಿಂಗಳು ಹೋದ, ಆಮೇಲೆ ಬಿಟ್ಟ. ನರಸೀಪುರದ ಮುಚ್ಚಿದ ಅಂಗಡಿಯ ಬಾಗಿಲು ತೆಗೆದು ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೂತ. ಹೆಮ್ಮರಗಾಲದಿಂದ ಹಳೇ ಪರಿಚಯದವರು ಡಿಶ್ಶು ನಿಲ್ಲಿಸಿಕೊಡು ಎಂದು ಹುಡುಕಿಕೊಂಡು ಬಂದರೆ, ಈಗ ಅದನ್ನು ಮಾಡುತ್ತಿಲ್ಲ ಎಂದು ಕಳಿಸುತ್ತಿದ್ದ. ಬಂದವರಿಗೆಲ್ಲ ನಂಜನಗೂಡಿನ ಚಾನೆಲ್ಲು ನನ್ನ ಮಗಳು ಮಾಡಿದ್ದು ಎಂದು ತಪ್ಪದೆ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಎದ್ದು ಹೋಗುತ್ತಿದ್ದೆ.

ಮೂರು ವರ್ಷ ಹೀಗೇ ಹೋಯಿತು. ನಾನು ಬೇರೆ ಕೆಲಸ ಹಿಡಿದು ಮೈಸೂರಿಗೆ ಓಡಾಡತೊಡಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅಂಗಡಿಗೆ ಊಟ ತೆಗೆದುಕೊಂಡು ಹೋದೆ. ಅಪ್ಪ ಒಂದು ಮಿಕ್ಸಿಯ ಜಾರನ್ನು ತೊಡೆಯ ಮೇಲಿಟ್ಟುಕೊಂಡು, ಬ್ಲೇಡಿನ ತಿರುಪು ಬಿಚ್ಚಲು ನೋಡುತ್ತಿದ್ದ. ನಾನು ಕೂರಲಿಲ್ಲ. ಅಂಗಡಿಯ ಆ ಗೋಡೆಗೂ ಈ ಗೋಡೆಗೂ ನಾಲ್ಕು ಹೆಜ್ಜೆ, ಅಷ್ಟರಲ್ಲೇ ತಿರುಗುತ್ತಾ ಎಲ್ಲವನ್ನೂ ಹೇಳಿದೆ. ಕಾರ್ಡನ್ನು ಹಿಡಿದುಕೊಂಡಿದ್ದದ್ದು ನೀನು ಹಚ್ಚಿಟ್ಟ ಪ್ರೋಗ್ರಾಮು ಎಂದೆ. ಡಿಶ್ಶಿನ ಮಾತು ನಾನು ಸಿಟ್ಟಿಗೆ ಆಡಿದ್ದು ಎಂದೆ. ಅವರು ಬೋಲ್ಟು ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು, ಗೊತ್ತಾಗಿಯೂ ಮೇಲೆ ಬರಲಿಲ್ಲ ಎಂದೆ. ನಿನಗೂ ಗೊತ್ತಿತ್ತು ಅಲ್ವಾ, ಅದಕ್ಕೇ ತಪ್ಪು ನಿನ್ನ ಮೇಲೆ ಹಾಕಿಕೊಂಡೆ ಅಲ್ವಾ ಎಂದು ಕೇಳಿದೆ.

ಅಪ್ಪ ತಿರುಪು ಬಿಚ್ಚುವುದನ್ನು ನಿಲ್ಲಿಸಿದ. ಅವನು ನನ್ನನ್ನು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

‘ಎಷ್ಟು ತೋರುಸ್ತಿತ್ತು?’ ಎಂದ.

‘ಎಂಬತ್ತೊಂದು.’

‘ಅವ್ನು ಬಿಗಿದ್ ಮ್ಯಾಲೆ?’

‘ಎಪ್ಪತ್ನಾಲ್ಕು.’

ಅವನು ಜಾರನ್ನು ನೆಲದ ಮೇಲಿಟ್ಟ. ಬಲಗೈ ಎತ್ತಿ, ಅಂಗೈಯನ್ನು ಒಮ್ಮೆ, ಹಿಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

‘ಅಂಗಾದ್ರೆ ನನ್ ಕೈ ಓಗಿರ್ನಿಲ್ವಾ ಕೂಸೇ?’ ಎಂದು ಕೇಳಿದ.